ಹದಿನಾರು ಗುಂಡಿ, ಮೂವತ್ತೈದು ತಾಳ

ಬೀಟ್ ಕಟ್ಟುವ ತಂತ್ರಾಂಶಗಳನ್ನು ಹೋಲಿಸಿ ನೋಡುವವರು ಬೆಲೆ ಕೇಳುತ್ತಾರೆ, ಜೊತೆಯಲ್ಲಿ ಎಷ್ಟು ಸದ್ದುಗಳು ಬರುತ್ತವೆಂದು ಕೇಳುತ್ತಾರೆ, ಹಳೆಯ ಲ್ಯಾಪ್‌ಟಾಪಿನಲ್ಲಿ ಓಡೀತೇ ಎಂದು ಕೇಳುತ್ತಾರೆ. ಎಫ್‌ಎಲ್ ಸ್ಟುಡಿಯೊ ಒಳ್ಳೆಯದೋ ಏಬಲ್ಟನ್ ಲೈವ್ ಒಳ್ಳೆಯದೋ ಎಂಬ ಚರ್ಚೆ ಬಹುಪಾಲು ಇಷ್ಟರಲ್ಲೇ ಮುಗಿದುಹೋಗುತ್ತದೆ. ಈ ಪ್ರಶ್ನೆಗಳು ಬೇಡವೆಂದಲ್ಲ. ಆದರೆ ಮೈಸೂರಿನ ಲಕ್ಷ್ಮೀಪುರಂನಂಥ ಕಡೆ ಈ ಹೋಲಿಕೆ ನಡೆದರೆ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ಈ ತಂತ್ರಾಂಶ ಎಣಿಸುವುದು ಹೇಗೆ? ಜೆ.ಎಲ್.ಬಿ. ರಸ್ತೆಯ ಆ ಬಡಾವಣೆಯಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ. ತಾಳವನ್ನು ಕೈಯಲ್ಲಿ ಹಾಕಲು ಕಲಿತವರೂ ಪರದೆಯ ಮೇಲೆ ಚೌಕಗಳನ್ನು ತುಂಬಿ ಬೀಟ್ ಕಟ್ಟುವವರೂ ಅಲ್ಲಿ ಒಂದೇ ರಸ್ತೆಯಲ್ಲಿ ಓಡಾಡುವವರು. ಎಷ್ಟೋ ಸಲ ಇಬ್ಬರೂ ಒಬ್ಬರೇ. ಹಾಗಿದ್ದೂ ಕೈಯ ಲೆಕ್ಕ ಪರದೆಯ ಮೇಲೆ ಕಾಣಿಸುವುದಿಲ್ಲ. ಇದಕ್ಕೆ ಕಾರಣ ಕಂಪ್ಯೂಟರಿನ ಅಸಾಮರ್ಥ್ಯವಲ್ಲ, ಈ ಉಪಕರಣಗಳು ಹುಟ್ಟಿಬಂದ ಚರಿತ್ರೆ ಎಂಬುದು ಈ ಲೇಖನದ ವಾದ. ಚರಿತ್ರೆ ತಿಳಿಯದೆ ಮಾಡಿದ ಹೋಲಿಕೆಯಲ್ಲಿ ಅಂಗಡಿಯ ದರಪಟ್ಟಿಗಿಂತ ಹೆಚ್ಚಿನದೇನೂ ಸಿಗುವುದಿಲ್ಲ.

ಮೊದಲು ಕೈಯ ಲೆಕ್ಕವನ್ನು ನೋಡೋಣ. ಕರ್ನಾಟಕ ಸಂಗೀತದ ವಿದ್ಯಾರ್ಥಿ ಸರಳೆ ವರಸೆ, ಜಂಟಿ ವರಸೆ ದಾಟಿ ಅಲಂಕಾರಗಳಿಗೆ ಬಂದಾಗ ಏಳು ತಾಳಗಳು ಒಂದಾದ ಮೇಲೊಂದು ಎದುರಾಗುತ್ತವೆ: ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ಸಂಪ್ರದಾಯ ನಂಬುತ್ತದೆ. ಒಂದೊಂದು ತಾಳವೂ ಲಘು, ದ್ರುತ, ಅನುದ್ರುತ ಎಂಬ ಅಂಗಗಳಿಂದ ಆದದ್ದು. ಲಘುವಿಗೆ ಒಂದು ಪೆಟ್ಟು, ಅದರ ಹಿಂದೆ ಬೆರಳೆಣಿಕೆ. ದ್ರುತಕ್ಕೆ ಒಂದು ಪೆಟ್ಟು, ಒಂದು ಹುಸಿ. ಅನುದ್ರುತಕ್ಕೆ ಬರೀ ಪೆಟ್ಟು. ಲಘುವಿನ ಉದ್ದ ಜಾತಿಯನ್ನು ಅನುಸರಿಸಿ ಮೂರು (ತಿಶ್ರ), ನಾಲ್ಕು (ಚತುರಶ್ರ), ಐದು (ಖಂಡ), ಏಳು (ಮಿಶ್ರ), ಒಂಬತ್ತು ಅಕ್ಷರಗಳಾಗಬಹುದಾದ್ದರಿಂದ ಏಳು ತಾಳಗಳು ಮೂವತ್ತೈದಾಗುತ್ತವೆ. ಪ್ರತಿ ಅಕ್ಷರದ ಒಳಗಿನ ಗತಿಯೂ ಇದೇ ಐದು ಬಗೆಯಾದ್ದರಿಂದ ಮೂವತ್ತೈದು ನೂರ ಎಪ್ಪತ್ತೈದಾಗುತ್ತದೆ. ಕಛೇರಿಯಲ್ಲಿ ಇಷ್ಟನ್ನೂ ಯಾರೂ ಬಳಸುವುದಿಲ್ಲ. ಆದಿ, ರೂಪಕ, ಖಂಡಛಾಪು, ಮಿಶ್ರಛಾಪುಗಳಲ್ಲೇ ಹೆಚ್ಚಿನ ಕೃತಿಗಳು ನಿಂತಿವೆ. ಇಲ್ಲಿ ಮುಖ್ಯವಾದದ್ದು ಸಂಖ್ಯೆಯಲ್ಲ, ವ್ಯವಸ್ಥೆ. ಕೈ ಬರೀ ಎಣಿಸುವುದಿಲ್ಲ, ಆವರ್ತದಲ್ಲಿ, ಅಂದರೆ ತಾಳದ ಒಂದು ಸುತ್ತಿನಲ್ಲಿ, ಈಗ ಎಲ್ಲಿದ್ದೇವೆ ಎಂಬುದನ್ನೂ ಹೇಳುತ್ತದೆ. ಕಿರುಬೆರಳು ಮಡಿಚಿದ್ದರೆ ಲಘುವಿನ ಎರಡನೆಯ ಅಕ್ಷರ, ಅಂಗೈ ಮೇಲಾಗಿದ್ದರೆ ದ್ರುತದ ಹುಸಿ. ಪಕ್ಕದಲ್ಲಿ ಕೂತವನು ಸದ್ದನ್ನೇ ಕೇಳದೆ ಬರೀ ನೋಡಿ ಹಾಡು ಎಲ್ಲಿಗೆ ಬಂದಿದೆಯೆಂದು ತಿಳಿಯಬಲ್ಲ.

ಇದಕ್ಕೆ ಎದುರಾಗಿ ಯುರೋಪಿನಿಂದ ಬಂದ ಕಾಲಯಂತ್ರ ಮೆಟ್ರೊನೋಮ್. 1815ರಲ್ಲಿ ಮೆಲ್ಟ್ಸೆಲ್ ಅದಕ್ಕೆ ಪೇಟೆಂಟ್ ಪಡೆದ. ನಿಮಿಷಕ್ಕೆ ಇಷ್ಟು ಬಡಿತ ಎಂದು ಗೊತ್ತುಮಾಡಿದರೆ ಅಷ್ಟನ್ನು ಅದು ತಪ್ಪದೆ ಬಡಿಯುತ್ತದೆ, ಆದರೆ ಆವರ್ತ ಎಲ್ಲಿ ಶುರುವಾಯಿತೆಂಬುದು ಅದಕ್ಕೆ ಗೊತ್ತಿಲ್ಲ. ಆ ಕೆಲಸ ಯುರೋಪಿನಲ್ಲಿ ಬರಹದ್ದು, ಅಂದರೆ ಸ್ಟಾಫ್ ನೊಟೇಶನ್ನಿನ ಬಾರ್ ಗೆರೆಗಳದ್ದು. ಈ ಎರಡೂ ಲೆಕ್ಕಗಳು ಮೈಸೂರಿನಲ್ಲಿ ಕಂಪ್ಯೂಟರಿಗಿಂತ ಎಷ್ಟೋ ಮೊದಲೇ ಮುಖಾಮುಖಿಯಾಗಿದ್ದವು. ಅರಮನೆಯಲ್ಲಿ ಕರ್ನಾಟಕ ಬ್ಯಾಂಡೂ ಇತ್ತು, ಇಂಗ್ಲಿಷ್ ಬ್ಯಾಂಡೂ ಇತ್ತು. ಜರ್ಮನಿಯ ಆಟೊ ಶ್ಮಿಟ್ ಅರಮನೆಯ ವಾದ್ಯವೃಂದವನ್ನು ನಡೆಸಿದರು. ಜಯಚಾಮರಾಜ ಒಡೆಯರು ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಲಂಡನ್ನಿನ ಫಿಲ್ಹಾರ್ಮೋನಿಯಾಕ್ಕೂ ರಷ್ಯದ ಸಂಯೋಜಕ ಮೆಟ್ನರ್‌ನ ಧ್ವನಿಮುದ್ರಣಗಳಿಗೂ ಬೆಂಬಲವಾಗಿ ನಿಂತವರು ಸಹ ಅವರೇ. ಆದಿತಾಳದ ಎಂಟು ಅಕ್ಷರಗಳನ್ನು ನಾಲ್ಕರ ಎರಡು ಬಾರ್‌ಗಳಾಗಿ ಬರೆದರೆ ಬ್ಯಾಂಡಿನವರಿಗೆ ಅನುಕೂಲ, ಲೆಕ್ಕವೂ ತಪ್ಪುವುದಿಲ್ಲ. ಆದರೆ ನಾಲ್ಕು, ಎರಡು, ಎರಡು ಎಂಬ ಒಳವಿಭಾಗ ಕಾಗದದಿಂದ ಜಾರಿಹೋಗುತ್ತದೆ. ಆ ವಿಭಾಗವನ್ನು ಹಾಡುವವನ ಕೈ ಉಳಿಸಿಕೊಂಡಿತ್ತು. ಹಾಗಾಗಿ ಆಗ ನಷ್ಟವಾಗಲಿಲ್ಲ. ಯಂತ್ರವೇ ನುಡಿಸುವವನಾದಾಗ ಉಳಿಸಿಕೊಳ್ಳಲು ಕೈ ಇರುವುದಿಲ್ಲ.

ಯಂತ್ರ ನುಡಿಸುವವನಾದ ಕಥೆಯಲ್ಲಿ 1980 ಮುಖ್ಯ ವರ್ಷ. ಅಮೆರಿಕದ ರೋಜರ್ ಲಿನ್ ನಿಜವಾದ ಡ್ರಮ್ಮಿನ ಸದ್ದುಗಳನ್ನು ಚಿಪ್ಪಿನಲ್ಲಿಟ್ಟು ಎಲ್‌ಎಂ-1 ಎಂಬ ಯಂತ್ರವನ್ನು ತಂದ. ಅದೇ ವರ್ಷ ಜಪಾನಿನ ರೋಲಂಡ್ ಸಂಸ್ಥೆ ಟಿಆರ್-808 ತಂದಿತು. 808ರ ಮುಖದ ಕೆಳಭಾಗದಲ್ಲಿ ಹದಿನಾರು ಗುಂಡಿಗಳ ಒಂದು ಸಾಲು. ನಾಲ್ಕು ಕೆಂಪು, ನಾಲ್ಕು ಕಿತ್ತಳೆ, ನಾಲ್ಕು ಹಳದಿ, ನಾಲ್ಕು ಬಿಳಿ. ಒತ್ತಿದ ಗುಂಡಿಯ ಜಾಗದಲ್ಲಿ ಪೆಟ್ಟು ಬೀಳುತ್ತದೆ, ಸಾಲು ಮುಗಿದ ಮೇಲೆ ಮತ್ತೆ ಮೊದಲಿನಿಂದ. ಮೃದಂಗವನ್ನಾಗಲಿ ಡ್ರಮ್ಮನ್ನಾಗಲಿ ಮುಟ್ಟಿ ನೋಡದವನೂ ಐದು ನಿಮಿಷದಲ್ಲಿ ಲಯ ಕಟ್ಟಬಹುದಾದ ಈ ಸಾಲು ದೊಡ್ಡ ಆವಿಷ್ಕಾರ, ಅದನ್ನು ಚಿಕ್ಕದು ಮಾಡಿ ಹೇಳುವುದು ಅನ್ಯಾಯ. 1983ರ ವೇಳೆಗೆ ತಯಾರಿಕೆ ನಿಂತು, ಒಟ್ಟು ಹನ್ನೆರಡು ಸಾವಿರದಷ್ಟೇ ಮಾರಾಟವಾದ ಈ ಯಂತ್ರ ಅಗ್ಗವಾಗಿ ಕೈಬದಲಾಗುತ್ತ ಅಮೆರಿಕದ ಹಿಪ್‌ಹಾಪ್, ಟೆಕ್ನೊ, ಹೌಸ್ ಸಂಗೀತಗಳ ಬೆನ್ನೆಲುಬಾಯಿತು. ಆ ಸಂಗೀತಗಳು ನಾಲ್ಕರ ನಡೆಯವು. ಯಂತ್ರಕ್ಕೂ ಸಂಗೀತಕ್ಕೂ ಹೊಂದಿಕೆಯಾಯಿತು, ಒಂದು ಇನ್ನೊಂದನ್ನು ಗಟ್ಟಿಮಾಡಿತು. 808ರಲ್ಲಿ ಸಾಲನ್ನು ಮೊಟಕು ಮಾಡಲು, ಮೂರರ ಭಾಗಕ್ಕೆ ಬದಲಿಸಲು ದಾರಿಯಿತ್ತು ಎಂಬುದನ್ನೂ ಹೇಳಲೇಬೇಕು. ಆದರೆ ನಾಲ್ಕು ಬಣ್ಣಗಳು ಗುಂಡಿಗಳ ಮೇಲೆ ಅಚ್ಚಾಗಿದ್ದವು. ಏಳಕ್ಕೆ ಮೊಟಕು ಮಾಡಿದರೂ ಕಣ್ಣಿಗೆ ಕಾಣುವುದು ನಾಲ್ಕು ಮತ್ತು ಅರೆಬರೆ ಮೂರು.

ಈ ಯಂತ್ರ ಭಾರತಕ್ಕೆ ಬಂದಾಗ ಏನಾಯಿತೆಂಬುದಕ್ಕೆ 1982ರ ಒಂದು ಧ್ವನಿಮುದ್ರಿಕೆ ಒಳ್ಳೆಯ ಸಾಕ್ಷಿ. ಮುಂಬಯಿಯ ಚಿತ್ರಸಂಗೀತ ವಾದಕ ಚರಣ್‌ಜಿತ್ ಸಿಂಗ್ 808 ಮತ್ತು ಅದರ ಜೊತೆಯ ಟಿಬಿ-303, ಜುಪಿಟರ್-8 ಸಿಂಥಸೈಜರುಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ಬೀಟಿಗೆ ನುಡಿಸಿದರು. ದಶಕಗಳ ನಂತರ ಜಗತ್ತು ಅದನ್ನು ಮತ್ತೆ ಕಂಡುಕೊಂಡು, ಷಿಕಾಗೊದ ಆಸಿಡ್ ಹೌಸ್‌ಗಿಂತ ಮುಂಚೆಯೇ ಹುಟ್ಟಿದ ಸಂಗೀತವೆಂದು ಕೊಂಡಾಡಿತು. ಹೊಗಳಿಕೆ ಸರಿಯಾದದ್ದೇ. ಆದರೆ ಆ ಹೊಂದಾಣಿಕೆಯ ಷರತ್ತನ್ನು ಗಮನಿಸಬೇಕು. ರಾಗ ಇಡಿಯಾಗಿ ಒಳಗೆ ಬಂತು, ತಾಳ ಬಾಗಿಲಲ್ಲೇ ಉಳಿಯಿತು. ಹತ್ತೂ ರಾಗಗಳ ಕೆಳಗೆ ಓಡುವುದು ಒಂದೇ ನಾಲ್ಕರ ನಡೆ. ಮುಂದೆ ನಾವು ಫ್ಯೂಷನ್ ಎಂದು ಕರೆದ ಬಹಳಷ್ಟು ಸಂಗೀತದ ಷರತ್ತೂ ಇದೇ ಆಗಿಬಿಟ್ಟಿತು. ರಾಗವನ್ನು ಉಳಿಸಿಕೊಂಡರೆ ನಮ್ಮತನ ಉಳಿಯಿತೆಂಬ ನಂಬಿಕೆಗೆ ನನ್ನ ಸಮ್ಮತಿಯಿಲ್ಲ.

1997ರ ಕೊನೆಯಲ್ಲಿ ಬೆಲ್ಜಿಯಮ್ಮಿನ ಇಮೇಜ್-ಲೈನ್ ಸಂಸ್ಥೆಯಿಂದ ಫ್ರೂಟಿಲೂಪ್ಸ್ ಹೊರಬಂದಾಗ ಅದರ ಪರದೆಯ ಮೇಲಿದ್ದದ್ದು ಇದೇ ಸಾಲು: ನಾಲ್ಕು ಚಾನೆಲ್, ಒಂದೊಂದಕ್ಕೂ ಹದಿನಾರು ಗುಂಡಿ, ನಾಲ್ಕು ನಾಲ್ಕಕ್ಕೆ ಬಣ್ಣ ಬದಲು. ಅದೇ ಬೆಳೆದು ಎಫ್‌ಎಲ್ ಸ್ಟುಡಿಯೊ ಆಯಿತು. ಒಮ್ಮೆ ಕೊಂಡವರಿಗೆ ಮುಂದಿನ ಆವೃತ್ತಿಗಳೆಲ್ಲ ಉಚಿತ ಎಂಬ ಒಳ್ಳೆಯ ನೀತಿಯಿಂದ ಬೀಟ್ ಕಟ್ಟುವವರ ನಡುವೆ ಮನೆಮಾತಾಯಿತು. ಅದರಲ್ಲಿ ಇಡೀ ಹಾಡಿಗೆ ಒಂದೇ ಅಳತೆ ಗೊತ್ತುಮಾಡಬಹುದಿತ್ತು. ಒಂದೇ ಹಾಡಿನ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಟೈಮ್ ಸಿಗ್ನೇಚರ್ ಕೊಡುವ ಸೌಲಭ್ಯ ಬಂದದ್ದು 2018ರಲ್ಲಿ, ಇಪ್ಪತ್ತನೆಯ ವರ್ಷದ ನೆನಪಿಗೆ 20 ಎಂಬ ಸಂಖ್ಯೆ ಕೊಟ್ಟ ಆವೃತ್ತಿಯಲ್ಲಿ. ಎರಡು ದಶಕಗಳ ಕಾಲ ಅದಿಲ್ಲದೆ ನಡೆಯಿತು. ತಾಂತ್ರಿಕವಾಗಿ ಅದು ಕಷ್ಟದ ಕೆಲಸವೆಂದು ಹೀಗಾಯಿತೆಂದು ನನಗೆ ಅನಿಸುವುದಿಲ್ಲ, ಅಷ್ಟು ಗಟ್ಟಿಯಾಗಿ ಕೇಳುವವರು ಇರಲಿಲ್ಲ. ಬರ್ಲಿನ್ನಿನ ಏಬಲ್ಟನ್ ಲೈವ್ 2001ರಲ್ಲಿ ಬಂತು. ಅದರಲ್ಲೂ ಹಾಡಿನ ನಡುವೆ ಅಳತೆ ಬದಲಿಸುವ ಗುರುತುಗಳು ಸೇರಿದ್ದು 2007ರ ಏಳನೆಯ ಆವೃತ್ತಿಯಲ್ಲಿ.

ಇನ್ನೂ ಆಳದಲ್ಲಿ, ಪರದೆಯ ಹಿಂದೆ, ಒಂದು ಸಂಖ್ಯೆ ಕೂತಿದೆ. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದರೊಡನೊಂದು ಮಾತಾಡಲೆಂದು 1983ರಲ್ಲಿ ಮಿಡಿ ಎಂಬ ಒಪ್ಪಂದ ಜಾರಿಗೆ ಬಂತು. ಅದರ ಗಡಿಯಾರ ಒಂದು ಬಡಿತವನ್ನು ಇಪ್ಪತ್ತನಾಲ್ಕು ಮಿಡಿತಗಳಾಗಿ ಸೀಳುತ್ತದೆ. ಇಪ್ಪತ್ತನಾಲ್ಕನ್ನು ಮೂರರಿಂದಲೂ ನಾಲ್ಕರಿಂದಲೂ ಭಾಗಿಸಬಹುದು, ಆದ್ದರಿಂದ ತಿಶ್ರ ಮತ್ತು ಚತುರಶ್ರ ಗತಿಗಳು ಸರಿಯಾಗಿ ಕೂರುತ್ತವೆ. ಐದು, ಏಳು, ಒಂಬತ್ತು ಭಾಗವಾಗುವುದಿಲ್ಲ. ನಿಮಿಷಕ್ಕೆ ಅರವತ್ತು ಬಡಿತದ ನಡೆಯಲ್ಲಿ ಇಪ್ಪತ್ತನಾಲ್ಕರ ಆ ಜಾಲರಿಯ ಮೇಲೆಯೇ ಮಿಶ್ರಗತಿಯ ಏಳು ಸೊಲ್ಲುಗಳನ್ನು (ಬಾಯಲ್ಲಿ ಹೇಳುವ ತಾಳದ ಉಚ್ಚಾರಗಳನ್ನು) ಕೂರಿಸಲು ಹೋದರೆ ಕೆಲವು ಸೊಲ್ಲುಗಳು ತಮ್ಮ ಜಾಗದಿಂದ ಸುಮಾರು 18 ಮಿಲಿಸೆಕೆಂಡ್ ಸರಿಯುತ್ತವೆ. ಲಯದಲ್ಲಿ ಪಳಗಿದ ಕಿವಿಗೆ ಅಷ್ಟು ಸಾಕು, ತಕಿಟತಕದಿಮಿ ಕುಂಟುತ್ತದೆ. ಎಫ್‌ಎಲ್ ಸ್ಟುಡಿಯೊ ತಾನಾಗಿ ಇಟ್ಟುಕೊಳ್ಳುವ ಜಾಲರಿ ಬಡಿತಕ್ಕೆ 96 ಭಾಗ, ಲಾಜಿಕ್ ಮತ್ತು ರೀಪರ್ ಎಂಬ ಇನ್ನೆರಡು ತಂತ್ರಾಂಶಗಳದ್ದು 960. ಐದೂ ಗತಿಗಳು ಚೂರೂ ಸರಿಯದೆ ಕೂರಬೇಕಾದರೆ ಬೇಕಾಗುವ ಸಂಖ್ಯೆ 1260, ಅಂದರೆ ಮೂರು, ನಾಲ್ಕು, ಐದು, ಏಳು, ಒಂಬತ್ತರ ಲಘುತಮ ಸಾಮಾನ್ಯ ಅಪವರ್ತ್ಯ. ನಮ್ಮ ಲಯಶಾಸ್ತ್ರದವರು ಕೂತು ಗಡಿಯಾರ ಮಾಡಿದ್ದರೆ ಇದೇ ಸಂಖ್ಯೆಗೆ ಬರುತ್ತಿದ್ದರು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದು. 960 ಭಾಗಗಳ ಜಾಲರಿಯಲ್ಲಿ ಅದೇ ಮಿಶ್ರಗತಿಯ ತಪ್ಪು ಅರ್ಧ ಮಿಲಿಸೆಕೆಂಡಿಗಿಂತ ಕಡಿಮೆ, ಯಾವ ವಿದ್ವಾಂಸನ ಕಿವಿಗೂ ಅದು ಕೇಳದು. 96ರಲ್ಲೂ ಐದು ಮಿಲಿಸೆಕೆಂಡ್ ದಾಟುವುದಿಲ್ಲ. ಮನುಷ್ಯನ ಕೈ ಇದಕ್ಕಿಂತ ಹೆಚ್ಚು ಆಚೀಚೆಯಾಗುತ್ತದೆ, ಆ ಆಚೀಚೆಯಲ್ಲೇ ನುಡಿಸಾಣಿಕೆಯ ಜೀವವಿದೆ. ಒಪ್ಪಿದೆ. ಲೆಕ್ಕದ ತೊಡಕನ್ನು ಇಂದಿನ ಕಂಪ್ಯೂಟರ್ ಬಗೆಹರಿಸಿದೆ. ಹಾಗಾದರೆ ಉಳಿದದ್ದೇನು? ಉಳಿದದ್ದು ಕಣ್ಣಿನ ತೊಡಕು. ಜಾಲರಿ ಒಳಗೆ ಎಷ್ಟೇ ನಯವಾಗಿರಲಿ, ಪೆಟ್ಟುಗಳನ್ನು ಸರಿಯಾದ ಜಾಗಕ್ಕೆ ಎಳೆದು ಕೂರಿಸುವ ಗೆರೆಗಳಿಗೆ ಎಫ್‌ಎಲ್‌ನ ಪಟ್ಟಿಯಲ್ಲಿ ಸಿಗುವುದು ಅರ್ಧ, ಮೂರನೇ ಒಂದು, ನಾಲ್ಕನೇ ಒಂದು, ಆರನೇ ಒಂದು. ಲೈವ್‌ನ ಪಟ್ಟಿಯೂ ಎರಡು ಮತ್ತು ಮೂರರ ಕುಟುಂಬದ್ದೇ. ಐದನೇ ಒಂದು, ಏಳನೇ ಒಂದು ಬೇಕಾದವರು ಸುತ್ತುದಾರಿ ಹಿಡಿಯಬೇಕು. ಲಾಜಿಕ್‌ನಲ್ಲಿ ಇದೇ ಕೆಲಸದ ಕ್ವಾಂಟೈಸ್ ಪಟ್ಟಿ ಬೇರೆ, ಅದರಲ್ಲಿ ಐದು, ಏಳು, ಒಂಬತ್ತರ ಭಾಗಗಳು ಹೆಸರು ಸಮೇತ ಇವೆ. ಕಾರಣ ಅದರ ವಂಶಾವಳಿಯಲ್ಲಿರಬಹುದು. ಲಾಜಿಕ್‌ನ ಪೂರ್ವಜ ಅಟಾರಿ ಕಂಪ್ಯೂಟರಿನ ನೊಟೇಟರ್, ಸ್ವರಲಿಪಿ ಬರೆಯುವವರನ್ನೂ ಮನಸ್ಸಿನಲ್ಲಿಟ್ಟು ಮಾಡಿದ್ದು. ಯುರೋಪಿನ ಆಧುನಿಕ ಸಂಯೋಜಕರಿಗೆ ಐದು, ಏಳರ ಗುಂಪುಗಳು ಬೇಕಿದ್ದವು. ಖಂಡಗತಿ ಹಾಕುವ ಮೈಸೂರಿನ ಹುಡುಗಿಗೆ ಇಂದು ಆ ಪಟ್ಟಿಯ ಪ್ರಯೋಜನ ಸಿಗುತ್ತಿದೆ.

ಇನ್ನೊಂದು ವಂಶ ಟ್ರ್ಯಾಕರ್‌ಗಳದ್ದು. 1987ರಲ್ಲಿ ಕಾರ್ಸ್ಟನ್ ಒಬಾರ್ಸ್ಕಿ ಅಮಿಗಾ ಕಂಪ್ಯೂಟರಿಗೆ ಬರೆದ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್‌ನಿಂದ ಶುರುವಾದ ಈ ಪರಂಪರೆಯಲ್ಲಿ ಕಾಲ ಎಡದಿಂದ ಬಲಕ್ಕೆ ಹರಿಯುವುದಿಲ್ಲ, ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಇಳಿಯುತ್ತದೆ. ಇಂದಿನ ರೆನಾಯ್ಸ್ ಎಂಬ ಟ್ರ್ಯಾಕರ್‌ನಲ್ಲಿ ಒಂದು ಬಡಿತಕ್ಕೆ ಎಷ್ಟು ಸಾಲು ಎಂಬುದನ್ನು ನಾವೇ ಗೊತ್ತುಮಾಡಬಹುದು. ಏಳು ಎಂದು ಬರೆದು, ಪ್ಯಾಟರ್ನಿನ ಉದ್ದವನ್ನು ಐವತ್ತಾರಕ್ಕೆ ನಿಲ್ಲಿಸಿದರೆ ಮಿಶ್ರಗತಿಯ ಆದಿತಾಳದ ಒಂದು ಆವರ್ತ ಸಿದ್ಧ. ಪ್ರತಿ ಸಾಲೂ ಒಂದು ಸೊಲ್ಲು. ಸೊಲ್ಲುಗಳ ಜೋಡಣೆಯಾದ ಸೊಲ್ಕಟ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡವರಿಗೆ ಇದಕ್ಕಿಂತ ಹತ್ತಿರದ ಪರದೆಯನ್ನು ನಾನು ಕಾಣೆ. ರೀಪರ್‌ನಲ್ಲೂ ಜಾಲರಿಯ ಅಳತೆಯನ್ನು ಇಷ್ಟ ಬಂದಂತೆ ಬರೆಯಬಹುದು, ಲೈಸೆನ್ಸಿನ ಬೆಲೆಯೂ ಕಡಿಮೆ. ಲೈವ್‌ನ ಗುಣ ಇನ್ನೊಂದು ಬಗೆಯದು. ಅದರ ಒಂದೊಂದು ಕ್ಲಿಪ್ಪೂ ತನ್ನದೇ ಉದ್ದದಲ್ಲಿ ಸುತ್ತಬಲ್ಲದು, ಎಂಟರ ಆವರ್ತದ ಮೇಲೆ ಏಳರ ಪ್ರಯೋಗವನ್ನು ಓಡಿಸಿ ಅವು ಐವತ್ತಾರು ಎಣಿಕೆಯ ಮೇಲೆ ಸಮಕ್ಕೆ, ಅಂದರೆ ಆವರ್ತದ ಮೊದಲ ಪೆಟ್ಟಿಗೆ, ಬಂದು ಸೇರುವುದನ್ನು ಕೇಳಬಹುದು. ಬೀಟ್ ತಂತ್ರಾಂಶಗಳ ಹೆಸರು ಹೇಳುವಾಗ ರೆನಾಯ್ಸ್ ಕೊನೆಗೆ ಬರುತ್ತದೆ ಅಥವಾ ಬರುವುದೇ ಇಲ್ಲ. ತಾಳದ ದೃಷ್ಟಿಯಿಂದ ನೋಡಿದರೆ ಅದು ಮೊದಲಿಗೇ ಬರಬೇಕು.

ಎಲ್ಲದರಲ್ಲೂ 7/8, 14/4 ಎಂದು ಹಾಕಬಹುದಲ್ಲ, ಇನ್ನೇನು ಬೇಕು ಎನ್ನುವವರಿದ್ದಾರೆ. ಹದಿನಾಲ್ಕನ್ನೇ ತೆಗೆದುಕೊಳ್ಳಿ. ಚತುರಶ್ರ ಜಾತಿಯ ಧ್ರುವತಾಳ ನಾಲ್ಕು, ಎರಡು, ನಾಲ್ಕು, ನಾಲ್ಕು, ಒಟ್ಟು ಹದಿನಾಲ್ಕು. ಖಂಡ ಜಾತಿಯ ಅಟ್ಟತಾಳ ಐದು, ಐದು, ಎರಡು, ಎರಡು, ಅದೂ ಹದಿನಾಲ್ಕು. ಮಠ್ಯ ನಾಲ್ಕು, ಎರಡು, ನಾಲ್ಕು. ಮಿಶ್ರ ಜಾತಿಯ ಝಂಪೆ ಏಳು, ಒಂದು, ಎರಡು. ಎರಡೂ ಹತ್ತೇ. ಏಳು ಎಂಬ ಮೊತ್ತವಂತೂ ತಿಶ್ರ ತ್ರಿಪುಟವೂ ಹೌದು, ಮಿಶ್ರಛಾಪೂ ಹೌದು. ಮೊತ್ತ ಒಂದೇ ಆದ ತಾಳಗಳಲ್ಲಿ ಹುಟ್ಟುವ ಸಂಗೀತ ಒಂದೇ ಅಲ್ಲ. ಅಟ್ಟತಾಳದ ವರ್ಣವನ್ನು ಧ್ರುವತಾಳ ಹಾಕಿಕೊಂಡು ಹಾಡಲು ಹೊರಟವರಿಗೆ ಇದು ಮೊದಲ ಸಾಲಿನಲ್ಲೇ ತಿಳಿಯುತ್ತದೆ. ತಂತ್ರಾಂಶ ಮೊತ್ತವನ್ನು ಕೇಳುತ್ತದೆ, ಅಂಗಗಳನ್ನು ಕೇಳುವುದಿಲ್ಲ. ಅದಕ್ಕೆ ಕಾಲವೂ ತಿಳಿಯದು. ಎರಡನೆಯ ಕಾಲದಲ್ಲಿ ಹಾಡುವಾಗ ಕೈಯ ವೇಗ ಹಾಗೇ ಇರುತ್ತದೆ, ಸ್ವರಗಳ ಸಾಂದ್ರತೆ ಇಮ್ಮಡಿಯಾಗುತ್ತದೆ. ಟೆಂಪೊ ತಿರುಗಿಸಿದರೆ ಕೈಯೂ ಜೊತೆಗೆ ಓಡಿಬಿಡುತ್ತದೆ.

ಇದು ಯಂತ್ರದ ಸ್ವಭಾವ, ಯಂತ್ರದಿಂದ ಇಷ್ಟನ್ನು ನಿರೀಕ್ಷಿಸಬಾರದು ಎನ್ನುವವರಿಗೆ ಉತ್ತರ ಬೆಂಗಳೂರಿನಲ್ಲೇ ಇದೆ. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ತಮ್ಮ ಎಲೆಕ್ಟ್ರಾನಿಕ್ ತಂಬೂರಿಯನ್ನು 1979ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಮ್ಮೇಳನದಲ್ಲಿ ತೋರಿಸಿದರು. ಅವರ ರಾಡೆಲ್ ಸಂಸ್ಥೆ ಮುಂದೆ ಹಿಂದೂಸ್ತಾನಿಗೆ ತಾಲ್‌ಮಾಲಾ, ಕರ್ನಾಟಕ ಸಂಗೀತಕ್ಕೆ ತಾಳೋಮೀಟರ್ ಎಂಬ ತಾಳಯಂತ್ರಗಳನ್ನು ಮಾಡಿತು. ಅವುಗಳಲ್ಲಿ ಬಳಸುವವರು ಮೊದಲು ಆರಿಸುವುದು ತಾಳದ ಹೆಸರನ್ನು, ಆಮೇಲೆ ವೇಗವನ್ನು. ಯಂತ್ರ ಆವರ್ತದಿಂದ ಶುರುಮಾಡಿ ಪೆಟ್ಟಿಗೆ ಬರುತ್ತದೆ. 808 ಪೆಟ್ಟಿನಿಂದ ಶುರುಮಾಡಿ ಸಾಲಿಗೆ ಹೋಗುತ್ತದೆ. ಎರಡೂ ಎಲೆಕ್ಟ್ರಾನಿಕ್ ಯಂತ್ರಗಳೇ, ಮಾಡಿದವರ ತಲೆಯಲ್ಲಿದ್ದ ಸಂಗೀತ ಬೇರೆ. ತಾಳಯಂತ್ರದ ಕೊರತೆಯನ್ನೂ ಒಪ್ಪಬೇಕು: ಅದು ಅಭ್ಯಾಸದ ಜೊತೆಗಾರ, ಹೊಸದನ್ನು ಕಟ್ಟುವ ಉಪಕರಣವಲ್ಲ. ತಾಳದ ಸಿದ್ಧ ನಡೆಯನ್ನು, ಅಂದರೆ ಠೇಕಾವನ್ನು, ನುಡಿಸುವುದೇ ಅದರ ಮುಖ್ಯ ಕೆಲಸ. ಹೀಗೆ ಎರಡು ದಾರಿಗಳು ಬೇರೆಯಾದವು. ತಾಳ ಗೊತ್ತಿದ್ದ ಯಂತ್ರಕ್ಕೆ ಕಟ್ಟಲು ಬರುತ್ತಿರಲಿಲ್ಲ, ಕಟ್ಟಲು ಬರುತ್ತಿದ್ದ ಯಂತ್ರಕ್ಕೆ ತಾಳ ಗೊತ್ತಿರಲಿಲ್ಲ.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಬಲವಾದದ್ದು. ಬೀಟ್ ಕಟ್ಟುವವರು ಕಛೇರಿ ಮಾಡುವವರಲ್ಲ. ಕನ್ನಡ ರ‍್ಯಾಪಿಗೆ, ಚಿತ್ರಗೀತೆಗೆ ನಾಲ್ಕರ ನಡೆ ಸಾಕು. ಹಂಸಲೇಖ ಅವರ ‘ಪ್ರೇಮಲೋಕ’ (1987) ಎಲೆಕ್ಟ್ರಾನಿಕ್ ತಾಳದ ಸದ್ದಿನೊಂದಿಗೆ ಮನೆಮನೆ ತಲುಪಿತು, ಯಾರೂ ದೂರಲಿಲ್ಲ. ಶಾಸ್ತ್ರೀಯದವರ ಹಟವನ್ನು ಎಲ್ಲರ ಮೇಲೆ ಯಾಕೆ ಹೇರಬೇಕು? ಇದಕ್ಕೆ ಉತ್ತರ ಶಾಸ್ತ್ರೀಯ ಸಂಗೀತದಿಂದ ಹೊರಗೆ, ಕನ್ನಡದ ಛಂದಸ್ಸಿನಲ್ಲೇ ಇದೆ. ಆರು ಷಟ್ಪದಿಗಳಲ್ಲಿ ನಾಲ್ಕು ಮಾತ್ರೆಯ ಗಣಗಳಲ್ಲಿ ನಡೆಯುವುದು ಎರಡೇ, ಶರ ಮತ್ತು ಪರಿವರ್ಧಿನಿ. ಭೋಗದ್ದು ಮೂರು. ಕುಸುಮ ಮತ್ತು ವಾರ್ಧಕದ್ದು ಐದು. ಭಾಮಿನಿಯದು ಮೂರು ಮತ್ತು ನಾಲ್ಕು ಸೇರಿದ ಏಳು. ಕುಮಾರವ್ಯಾಸ ತನ್ನ ಇಡೀ ಭಾರತವನ್ನು ಈ ಏಳರ ನಡೆಯಲ್ಲಿ ಹೇಳಿದ, ಲಕ್ಷ್ಮೀಶ ಜೈಮಿನಿ ಭಾರತವನ್ನು ವಾರ್ಧಕದ ಐದರಲ್ಲಿ. ಲಲಿತ ರಗಳೆಯೂ ಐದೇ. ಇವು ವಿದ್ವತ್ತಿನ ಮೂಲೆಯಲ್ಲಿ ಉಳಿದವಲ್ಲ, ಹಳ್ಳಿಯ ಜಗಲಿಗಳಲ್ಲಿ ಗಮಕಿಗಳ ಬಾಯಲ್ಲಿ ತಲೆಮಾರುಗಳ ಕಾಲ ಓದಿಸಿಕೊಂಡವು. ಕನ್ನಡದ ಮಾತು ವೇಗವಾಗಿ, ಪ್ರಾಸಬದ್ಧವಾಗಿ, ಕಥೆ ಹೇಳುತ್ತ ಓಡಿದ ಅತಿ ದೊಡ್ಡ ಪರಂಪರೆ ಐದು ಮತ್ತು ಏಳರದ್ದು ಎಂದಮೇಲೆ, ರ‍್ಯಾಪ್ ಬರೆಯುವ ಕನ್ನಡಿಗನಿಗೆ ಹದಿನಾರು ಗುಂಡಿಯ ಖಾಲಿ ಪರದೆಯನ್ನೇ ಮೊದಲು ತೋರಿಸುವುದು ಅವನ ನಾಲಿಗೆಗೆ ಮಾಡಿದ ನಷ್ಟ. ಅವನು ನಾಲ್ಕನ್ನು ಆರಿಸಿಕೊಳ್ಳಲಿ, ಬೇಡವೆನ್ನುವವರಾರು? ಆದರೆ ಅದು ಆಯ್ಕೆಯಾಗಬೇಕಾದರೆ ಏಳೂ ಅಷ್ಟೇ ಸುಲಭವಾಗಿ ಎದುರಿಗಿರಬೇಕು.

ಹೊರಗಿನ ಉಪಕರಣವನ್ನು ಒಳಗಿನದಾಗಿ ಮಾಡಿಕೊಂಡ ಚರಿತ್ರೆ ಮೈಸೂರಿಗೆ ಹೊಸದಲ್ಲ. ಪಿಟೀಲು ಯುರೋಪಿನದು. ದಕ್ಷಿಣದವರು ಅದನ್ನು ಭುಜದಿಂದ ಇಳಿಸಿ ಎದೆಗೂ ಪಾದಕ್ಕೂ ಆನಿಸಿದರು, ತಂತಿಗಳ ಶ್ರುತಿ ಬದಲಿಸಿದರು. ಬಿಡಾರಂ ಕೃಷ್ಣಪ್ಪನವರ ಶಿಷ್ಯ ಟಿ. ಚೌಡಯ್ಯನವರು ಅಲ್ಲಿಗೂ ನಿಲ್ಲದೆ, ಮೈಕ್ ಇಲ್ಲದ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಗಳನ್ನು ಏಳು ಮಾಡಿದರು. ಪಿಟೀಲು ಮಾಡುವವರು ಮೊದಲೇ ಹಾಗೆ ಮಾಡಿಕೊಡಲಿ ಎಂದು ಅವರು ಕಾಯಲಿಲ್ಲ. ತಂತ್ರಾಂಶದಲ್ಲಿ ಅಂಥ ಕೆಲಸ ಇನ್ನೂ ಸುಲಭ, ಮರ ಕೊರೆಯಬೇಕಿಲ್ಲ. ಎಫ್‌ಎಲ್, ಲೈವ್, ರೀಪರ್, ರೆನಾಯ್ಸ್ ಎಲ್ಲವೂ ಖಾಲಿ ಹಾಡೊಂದನ್ನು ಮಾದರಿಯಾಗಿ ಉಳಿಸಿಟ್ಟು ಮುಂದೆ ಅದರಿಂದಲೇ ತೆರೆಯಲು ಬಿಡುತ್ತವೆ. ಮೂವತ್ತೈದು ತಾಳಗಳಿಗೆ ಮೂವತ್ತೈದು ಮಾದರಿ ಕಡತ, ಛಾಪುಗಳಿಗೆ ಇನ್ನು ಕೆಲವು, ಷಟ್ಪದಿಗಳಿಗೆ ಆರು. ಪ್ರತಿಯೊಂದರಲ್ಲೂ ಅಂಗಗಳಿಗೆ ಹೆಸರು, ಸಮದ ಗುರುತು, ಪೆಟ್ಟಿಗೂ ಹುಸಿಗೂ ಬೇರೆ ಬೇರೆ ಸಣ್ಣ ಸದ್ದು. ತಾಳ ಬಲ್ಲ ಒಬ್ಬರು, ತಂತ್ರಾಂಶ ಬಲ್ಲ ಒಬ್ಬರು ಜೊತೆಗೆ ಕೂತರೆ ಆಗುವ ಕೆಲಸವಿದು. ಲಕ್ಷ್ಮೀಪುರಂನಲ್ಲಿ ಇಬ್ಬರೂ ಸಿಗುತ್ತಾರೆ. ಧ್ರುವತಾಳದಿಂದ ಶುರುಮಾಡಬಹುದು: ಹದಿನಾಲ್ಕು ಗುರುತು, ಬಣ್ಣ ಬದಲಾಗುವುದು ಐದನೆಯದಕ್ಕೆ, ಏಳನೆಯದಕ್ಕೆ, ಹನ್ನೊಂದನೆಯದಕ್ಕೆ.